ರೀಲ್ ತಗೊಳ್ಳೋ ಮುಂಚೆ ಕೇಳಿ: ಇದನ್ನ ಬಿಚ್ಚೋಕಾಗುತ್ತಾ?

ನಮ್ಮ ಕ್ಯಾಂಪಸ್‌ನಲ್ಲಿ ‘ರೀಲ್ ಹಾಳಾಯ್ತು’ ಅಂದ್ರೆ ಎಲ್ಲರೂ ‘ಯಾಕೆ, ವ್ಯೂಸ್ ಬರ್ಲಿಲ್ವಾ?’ ಅಂತ ಕೇಳ್ತಾರೆ. ನಾವು ಹೇಳ್ತಿರೋದು ಆ ರೀಲ್ ಅಲ್ಲ. ಮೀನು ಹಿಡಿಯುವ ರಾಡಿನ ಕೆಳಗೆ ತೂಗುತ್ತಲ್ಲ, ಹ್ಯಾಂಡಲ್ ತಿರುಗಿಸಿದರೆ ದಾರ ಸುತ್ತಿಕೊಳ್ಳುತ್ತಲ್ಲ, ಆ ಸ್ಪಿನ್ನಿಂಗ್ ರೀಲ್. ನಮ್ಮದು ಹಾಳಾಯ್ತು. ಆರೇ ತಿಂಗಳಲ್ಲಿ. ಅದರ ಮೇಲೆ ಇಷ್ಟುದ್ದ ಯಾಕೆ ಬರೀತಿದ್ದೀವಿ ಅಂದ್ರೆ, ಹಾಳಾಗಿದ್ದಕ್ಕಿಂತ ಅದನ್ನ ಸರಿ ಮಾಡೋಕೆ ಹೋದಾಗ ಆದದ್ದು ನಮಗೆ ಹೆಚ್ಚು ಸಿಟ್ಟು ತರಿಸಿದೆ.

ನಾವು ಅಂದ್ರೆ ಹಾಸ್ಟೆಲ್‌ನ ಒಂದೇ ವಿಂಗ್‌ನ ನಾಲ್ವರು. ಮೂವರು ಸಮುದ್ರವನ್ನೇ ಸರಿಯಾಗಿ ನೋಡದೆ ಬೆಳೆದವರು, ಒಬ್ಬ ಮಾತ್ರ ಇಲ್ಲಿಯವನು. ಫಸ್ಟ್ ಇಯರ್‌ನಲ್ಲಿ ಅವನ ಹಿಂದೆ ಹಿಂದೆ ಸುರತ್ಕಲ್ ಲೈಟ್‌ಹೌಸ್ ಕೆಳಗಿನ ಬಂಡೆಗಳಿಗೆ ಹೋಗಿ, ಸಸಿಹಿತ್ಲುವಿನಲ್ಲಿ ನಂದಿನಿ ಮತ್ತು ಶಾಂಭವಿ ಸಮುದ್ರ ಸೇರುವ ಅಳಿವೆಗೆ ಹೋಗಿ, ಹುಚ್ಚು ಹಿಡಿಸಿಕೊಂಡೆವು. ಸೆಕೆಂಡ್ ಇಯರ್ ಶುರುವಾದಾಗ ತಲಾ 2,400 ರೂಪಾಯಿ ಹಾಕಿ 9,600ಕ್ಕೆ ಒಂದು ‘ಸಾಲ್ಟ್‌ವಾಟರ್’ ರೀಲ್ ತಗೊಂಡ್ವಿ. ಡಬ್ಬದ ಮೇಲೆ ದೊಡ್ಡದಾಗಿ ‘ಸೀಲ್ಡ್’ ಅಂತ ಇತ್ತು, ಎಷ್ಟೋ ಬೇರಿಂಗ್ ಇವೆ ಅಂತ ಇತ್ತು. ಕಂಪನಿ ಹೆಸರು ಬೇಡ. ನಮ್ಮಲ್ಲೊಬ್ಬ ಕೊಟ್ಟ 2,400 ಅವನ ಮನೆಯವರು ಪುಸ್ತಕಕ್ಕೆ ಅಂತ ಕಳಿಸಿದ್ದ ದುಡ್ಡು. ಅದು ನಮಗೆ ಗೊತ್ತಾಗಿದ್ದು ರೀಲ್ ಸತ್ತ ಮೇಲೆ.

ಮಾರ್ಚ್‌ನಲ್ಲಿ ಒಂದು ಸಂಜೆ ಬಂಡೆ ಮೇಲೆ ನಿಂತಿದ್ದಾಗ ದೊಡ್ಡ ಮೀನೊಂದು ಹಿಡೀತು. ಮುರು ಮೀನಿರಬೇಕು, ನೋಡ್ಲಿಲ್ಲ. ಎಳೆದ ಕೂಡಲೇ ಹ್ಯಾಂಡಲ್ ಉಲ್ಟಾ ತಿರುಗಿ ಬೆರಳ ಗೆಣ್ಣಿಗೆ ಹೊಡೀತು. ದಾರ ಸಡಿಲ ಆಯ್ತು, ಮೀನು ಬಂಡೆ ಸಂದಿಗೆ ಹೋಯ್ತು, ಕತೆ ಮುಗೀತು. ಹ್ಯಾಂಡಲ್ ಹಿಂದಕ್ಕೆ ತಿರುಗದ ಹಾಗೆ ಒಳಗಡೆ ಒಂದು ಒನ್‌ವೇ ಕ್ಲಚ್ ಇರುತ್ತೆ. ಸೈಕಲ್ ಫ್ರೀವೀಲ್ ತರಾನೇ, ಆದರೆ ಹಲ್ಲಿನ ಬದಲು ಸಣ್ಣ ಸಣ್ಣ ಸ್ಟೀಲ್ ರೋಲರ್‌ಗಳು, ಅವನ್ನು ಒತ್ತಿ ಹಿಡಿಯೋಕೆ ಕೂದಲಿನಂಥ ಸ್ಪ್ರಿಂಗ್‌ಗಳು. ರೂಮಲ್ಲಿ ಬಿಚ್ಚಿ ನೋಡಿದರೆ ಆ ಸ್ಪ್ರಿಂಗ್‌ಗಳಲ್ಲಿ ಎರಡು ತುಕ್ಕು ಹಿಡಿದು ತುಂಡಾಗಿದ್ದವು. ಮಿಕ್ಕಿದ್ದೆಲ್ಲ ಚೆನ್ನಾಗಿತ್ತು. ಗೇರ್ ಚೆನ್ನಾಗಿತ್ತು, ಶಾಫ್ಟ್ ಚೆನ್ನಾಗಿತ್ತು. 9,600 ರೂಪಾಯಿಯ ಯಂತ್ರ ಎರಡು ಸ್ಪ್ರಿಂಗ್‌ಗಾಗಿ ನಿಂತಿತ್ತು.

ಅಂಗಡಿಗೆ ಕೇಳಿದ್ವಿ. ‘ಆ ಪಾರ್ಟ್ ಬಿಡಿಯಾಗಿ ಬರಲ್ಲ, ರೀಲ್ ಕಳಿಸಿ’ ಅಂದ್ರು. ಕಳಿಸಿದ್ವಿ. ಐದು ವಾರ ಆದ ಮೇಲೆ ‘ಆ ಮಾಡೆಲ್ ಬಂದ್ ಆಗಿದೆ, ಹೊಸದಕ್ಕೆ ಡಿಸ್ಕೌಂಟ್ ಕೊಡ್ತೀವಿ’ ಅಂತ ಉತ್ತರ ಬಂತು. ಹೊರದೇಶದಲ್ಲಿ ಒಂದು ಕಡೆ ಆ ಕ್ಲಚ್ ಸಿಕ್ತು. ಪಾರ್ಟಿಗೆ 1,100, ಪಾರ್ಸೆಲ್‌ಗೆ 2,800. ಆಮೇಲೆ ಕಸ್ಟಮ್ಸ್ ಎಷ್ಟು ಹಾಕ್ತಾರೋ ದೇವರಿಗೇ ಗೊತ್ತು.

ಇಷ್ಟು ನಮ್ಮ ಗೋಳು. ಈಗ ವಿಷಯಕ್ಕೆ ಬರೋಣ.

ಗಾಳ ಹಾಕುವ ಹುಡುಗರಲ್ಲಿ ಒಂದು ವಾದ ಯಾವಾಗಲೂ ನಡೀತಿರುತ್ತೆ: ಉಪ್ಪು ನೀರಿಗೆ ಯಾವ ರೀಲ್ ಗಟ್ಟಿ? ಶಿಮಾನೋನಾ, ಡೈವಾನಾ, ಪೆನ್ನಾ? ಗಟ್ಟಿ ಅಂದ್ರೆ ನೀರು ಒಳಗೆ ಹೋಗಬಾರದು, ಅಷ್ಟೇ ಅಂತ ನಾವೂ ಅಂದುಕೊಂಡಿದ್ವಿ. ಈಗ ನಮ್ಮ ಅಭಿಪ್ರಾಯ ಬೇರೆ. ಸಮುದ್ರದ ಹತ್ತಿರ ಬಳಸುವ ಯಾವ ರೀಲ್ ಆದರೂ ಒಂದಲ್ಲ ಒಂದು ದಿನ ಒಳಗೆ ನೀರು ಕುಡಿಯುತ್ತೆ. ಕುಡಿದ ಮೇಲೆ ಅದನ್ನ ಮನೇಲಿ ಬಿಚ್ಚೋಕಾಗುತ್ತಾ, ಹೋದ ಪಾರ್ಟ್ ಇಲ್ಲಿ ಸಿಗುತ್ತಾ, ಇವೆರಡರ ಮೇಲೇ ಅದರ ಆಯಸ್ಸು ನಿಂತಿರೋದು.

ಉಪ್ಪು ನೀರು ಏನು ಮಾಡುತ್ತೆ ಅಂತ ಫಸ್ಟ್ ಇಯರ್ ಕೆಮಿಸ್ಟ್ರಿಯಲ್ಲಿ ನಾವೆಲ್ಲ ಓದಿ, ಬರೆದು, ಮರೆತಿದ್ದೀವಿ. ಸಮುದ್ರದ ನೀರಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಒಂದು ಹನಿ ರೀಲ್ ಒಳಗೆ ಸೇರಿ ಒಣಗಿದರೆ ಉಪ್ಪು ಅಲ್ಲೇ ಉಳಿಯುತ್ತೆ. ಆ ಉಪ್ಪು ಗಾಳಿಯ ತೇವ ಎಳ್ಕೊಳ್ಳುತ್ತೆ. ಈ ಊರಿನ ಗಾಳಿಯಲ್ಲಿ ಟವೆಲ್ಲೇ ಒಣಗಲ್ಲ, ಇನ್ನು ಅದೆಲ್ಲಿ ಒಣಗುತ್ತೆ. ಅಂದ್ರೆ ಒಳಗೆ ಯಾವಾಗಲೂ ಒಂದು ತೆಳು ಎಲೆಕ್ಟ್ರೋಲೈಟ್ ಪದರ. ಬಾಡಿ ಅಲ್ಯೂಮಿನಿಯಂ, ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲ್. ಎರಡು ಬೇರೆ ಲೋಹ, ನಡುವೆ ಎಲೆಕ್ಟ್ರೋಲೈಟ್, ಗ್ಯಾಲ್ವಾನಿಕ್ ಸೆಲ್ ರೆಡಿ. ಅಲ್ಯೂಮಿನಿಯಂ ಬಿಳಿ ಪುಡಿಯಾಗ್ತಾ ಹೋಗುತ್ತೆ, ಸ್ಕ್ರೂ ಅದರಲ್ಲೇ ಕಚ್ಚಿಕೊಂಡು ಕೂರುತ್ತೆ. ಎರಡು ಮಾರ್ಕಿಗೆ ಬರೆದ ಉತ್ತರ ಕೈಯಲ್ಲಿ ಹಿಡಿದು ನೋಡಿದ್ದು ಇದೇ ಮೊದಲು. ಕೆಲವು ಹಗುರ ರೀಲ್‌ಗಳ ಬಾಡಿ ಮೆಗ್ನೀಷಿಯಂ. ಅದು ಇನ್ನೂ ಸೂಕ್ಷ್ಮ, ಪೇಂಟ್ ಕಿತ್ತ ಜಾಗದಿಂದ ಶುರುವಾದರೆ ನಿಲ್ಲಲ್ಲ. ಗ್ರಾಫೈಟ್ ಬಾಡಿಗೆ ತುಕ್ಕಿನ ಭಯ ಇಲ್ಲ, ಆದರೆ ಭಾರಿ ಮೀನು ಎಳೆದಾಗ ಅದು ಬಾಗುತ್ತೆ, ಒಳಗಿನ ಗೇರ್‌ಗಳು ಒಂದಕ್ಕೊಂದು ಸರಿಯಾಗಿ ಕೂರಲ್ಲ.

ಮೊದಲು ಸಾಯೋದು ಸಾಮಾನ್ಯವಾಗಿ ಲೈನ್ ರೋಲರ್‌ನ ಬೇರಿಂಗ್. ದಾರ ಅದರ ಮೇಲೇ ಓಡೋದು, ಒದ್ದೆ ದಾರ ಪ್ರತಿ ಸುತ್ತಿಗೂ ಅದಕ್ಕೆ ಉಪ್ಪು ನೀರು ಕುಡಿಸುತ್ತೆ. ಆಮೇಲೆ ರೋಟರ್ ಕೆಳಗಿರುವ ಬೇರಿಂಗ್, ಅದರ ಪಕ್ಕದ ಒನ್‌ವೇ ಕ್ಲಚ್.

ಕಂಪನಿಗಳು ಇದಕ್ಕೆ ಸುಮ್ನೆ ಕೂತಿಲ್ಲ. ಒಪ್ಪಬೇಕಾದ್ದನ್ನ ಒಪ್ಪಬೇಕು. ಡೈವಾದವರ ಮ್ಯಾಗ್‌ಸೀಲ್ ಓದಿದಾಗ ನಾವು ನಾಲ್ವರೂ ‘ಅಬ್ಬಾ’ ಅಂದ್ವಿ. ರಬ್ಬರ್ ಸೀಲ್ ಶಾಫ್ಟಿಗೆ ಉಜ್ಜುತ್ತೆ, ಹ್ಯಾಂಡಲ್ ಬಿಗಿ ಆಗುತ್ತೆ. ಅದರ ಬದಲು ಅವರು ಆಯಸ್ಕಾಂತ ಇಟ್ಟು, ಸಂದಿಯಲ್ಲಿ ಕಾಂತೀಯ ಎಣ್ಣೆಯ ಗೋಡೆಯನ್ನೇ ನಿಲ್ಲಿಸಿದ್ದಾರೆ. ಉಜ್ಜುವ ವಸ್ತುವೇ ಇಲ್ಲ. ಈ ಥರದ ದ್ರವವನ್ನ 1963ರಲ್ಲಿ ನಾಸಾದ ಸ್ಟೀವ್ ಪ್ಯಾಪೆಲ್ ಮಾಡಿದ್ದು ರಾಕೆಟ್ ಇಂಧನಕ್ಕಾಗಿ. ತೂಕವಿಲ್ಲದ ಜಾಗದಲ್ಲಿ ಇಂಧನವನ್ನ ಆಯಸ್ಕಾಂತದಿಂದ ಎಳೆಯೋಣ ಅಂತ. ಅಲ್ಲಿಂದ ಗಾಳದ ರೀಲಿಗೆ ಬಂದಿದೆ. ಎಂಥಾ ಐಡಿಯಾ! ಆದರೆ ಬಿಚ್ಚಿದರೆ ಆ ಎಣ್ಣೆಯ ಗೋಡೆ ಕೆಡುತ್ತೆ, ಆ ಜಾಗಕ್ಕೆ ಮಾಮೂಲಿ ಎಣ್ಣೆ ಬಿಡುವ ಹಾಗಿಲ್ಲ, ಸರ್ವಿಸ್ ಸೆಂಟರಿಗೇ ಕಳಿಸಬೇಕು. ಒಸಾಕಾದಲ್ಲಿ ಇರುವವರಿಗೆ ಅದು ತೊಂದರೆಯೇ ಅಲ್ಲ. ಮುಲ್ಕಿಯಲ್ಲಿ ಇರುವವರಿಗೆ?

ಶಿಮಾನೋದ ಸ್ಟೆಲ್ಲಾ ಎಸ್‌ಡಬ್ಲ್ಯೂ ಬಗ್ಗೆ ನಾವು ಮಾತಾಡೋದೇ ಅಧಿಕಪ್ರಸಂಗ, ಅಮೆರಿಕದಲ್ಲೇ ಅದರ ಬೆಲೆ ಸಾವಿರ ಡಾಲರ್ ದಾಟುತ್ತೆ. ಗೇರನ್ನ ಕೊರೆಯದೆ ತಣ್ಣಗಿರುವಾಗಲೇ ಒತ್ತಿ ರೂಪ ಕೊಡ್ತಾರೆ, ದೊಡ್ಡ ಮೀನಿನವರು ಕಣ್ಣು ಮುಚ್ಚಿ ನಂಬ್ತಾರೆ. ವ್ಯಾನ್ ಸ್ಟಾಲ್ ಅಂತ ಇನ್ನೊಂದು ಇದೆ. ನ್ಯೂಯಾರ್ಕ್ ರಾಜ್ಯದ ಮಾಂಟಾಕ್‌ನಲ್ಲಿ ಜನ ರಾತ್ರಿ ವೆಟ್‌ಸೂಟ್ ಹಾಕ್ಕೊಂಡು, ರೀಲ್ ಸಮೇತ ಈಜಿ, ದೂರದ ಬಂಡೆ ಹತ್ತಿ ಮೀನು ಹಿಡೀತಾರೆ. ಅಂಥವರ ಕೈಯಲ್ಲಿ ಇರೋದು ಅದೇ. ಅಂದ್ರೆ ನೀರು ಹೋಗದ ರೀಲ್ ಮಾಡೋಕೆ ಆಗುತ್ತೆ. ದುಡ್ಡಿದ್ದರೆ.

ನಮ್ಮಂಥವರ ಕೈಗೆ ಎಟುಕುವ ಮಟ್ಟದಲ್ಲಿ ‘ಸೀಲ್ಡ್’ ಅಂದ್ರೆ ಏನು ಅನ್ನೋದೇ ಪ್ರಶ್ನೆ. ಪೆನ್‌ನವರು ಕೊನೇ ಪಕ್ಷ ರೇಟಿಂಗ್ ಹಾಕ್ತಾರೆ. ಸ್ಪಿನ್‌ಫಿಶರ್ 6ಕ್ಕೆ ಐಪಿಎಕ್ಸ್5, ಸ್ಲ್ಯಾಮರ್ 4ಕ್ಕೆ ಐಪಿಎಕ್ಸ್6. ಮೊದಲನೆಯದು 6.3 ಮಿ.ಮೀ. ನಳಿಕೆಯಿಂದ ನಿಮಿಷಕ್ಕೆ 12.5 ಲೀಟರ್ ನೀರು ಹೊಡೆದು ಮಾಡುವ ಟೆಸ್ಟ್. ಎರಡನೆಯದು 12.5 ಮಿ.ಮೀ. ನಳಿಕೆ, ನಿಮಿಷಕ್ಕೆ 100 ಲೀಟರ್. ನಮ್ಮ ಹಾಸ್ಟೆಲ್ ನಲ್ಲಿಯಲ್ಲಿ ಇಡೀ ಬೆಳಗ್ಗೆ ಅಷ್ಟು ಬರಲ್ಲ. ಆದರೆ ಅದು ಸಿಹಿ ನೀರಿನ ಟೆಸ್ಟ್, ಹೊಸ ರಬ್ಬರಿನ ಮೇಲೆ ಮಾಡಿದ್ದು. ಉಪ್ಪು, ಮರಳು, ಬಿಸಿಲು, ಎರಡು ವರ್ಷ, ಇವು ಯಾವುವೂ ಆ ಸಂಖ್ಯೆಯ ಒಳಗೆ ಇಲ್ಲ. ರಬ್ಬರ್ ಒಂದು ದಿನ ಗಟ್ಟಿಯಾಗಿ ಬಿರಿಯುತ್ತೆ. ಆಗ ಸೀಲ್ ಮಾಡಿದ ರೀಲಿಗೆ ಒಂದು ಹೆಚ್ಚಿನ ಶಾಪ ಬೇರೆ: ಒಳಗೆ ಹೋದ ನೀರು ಹೊರಗೆ ಬರಲ್ಲ, ಒಣಗೋದೂ ಇಲ್ಲ, ಕೂತು ತಿನ್ನುತ್ತೆ.

ನಮ್ಮದರಲ್ಲಿ ಆಗಿದ್ದೂ ಇದೇ, ಮತ್ತು ಅರ್ಧ ತಪ್ಪು ನಮ್ಮದೇ. ಸೀಲ್ಡ್ ಅಲ್ವಾ ಅಂತ ಪ್ರತಿ ಸಲ ವಾಪಸ್ ಬಂದು ಬಾತ್‌ರೂಮ್ ನಲ್ಲಿ ಜೋರಾಗಿ ಬಿಟ್ಟು, ಬೆರಳಲ್ಲಿ ಅರ್ಧ ಮುಚ್ಚಿ, ಪಿಚಕಾರಿ ಥರ ಹೊಡೆದು ತೊಳೀತಿದ್ವಿ. ಹೊರಗಿದ್ದ ಉಪ್ಪನ್ನ ನಾವೇ ಒಳಗೆ ತಳ್ಳಿದ್ವಿ. ಎರಡು ಸಲ ಬಕೆಟ್‌ನಲ್ಲಿ ಮುಳುಗಿಸಿ ಇಟ್ಟಿದ್ದೂ ಉಂಟು. ಹಾಗೆ ಮಾಡಬೇಡಿ. ಡ್ರ್ಯಾಗ್ ಬಿಗಿ ಮಾಡಿ, ಮೇಲಿಂದ ಮಗ್ಗಿನಲ್ಲಿ ಮೆಲ್ಲಗೆ ನೀರು ಸುರಿದು, ಒರೆಸಿ, ಒಣಗಿದ ಮೇಲೆ ಡ್ರ್ಯಾಗ್ ಸಡಿಲ ಮಾಡಿ, ಲೈನ್ ರೋಲರಿಗೆ ಒಂದು ಹನಿ ಎಣ್ಣೆ. ಸಾಕು.

ಇದನ್ನ ನಮಗೆ ಹೇಳಿಕೊಟ್ಟಿದ್ದು ನಮ್ಮ ಗೆಳೆಯನ ಮಾವ. ಅವರ ಕತೆ ಸ್ವಲ್ಪ ಹೇಳಲೇಬೇಕು. ಮಸ್ಕತ್‌ನಲ್ಲಿ ಕೆಲಸದಲ್ಲಿದ್ದಾಗ ಒಂದು ಪೆನ್ ಸ್ಪಿನ್‌ಫಿಶರ್ ತಗೊಂಡಿದ್ದರಂತೆ. ಲೋಹದ ಬಾಡಿಯ ಹಳೇ ಮಾಡೆಲ್, ಸೀಲ್ ಗೀಲ್ ಏನೂ ಇಲ್ಲ. ಊರಿಗೆ ಬಂದು ಹದಿನಾಲ್ಕು ವರ್ಷ ಆಯ್ತು, ಈಗಲೂ ಅದರಲ್ಲೇ ಹಿಡೀತಾರೆ. ಅವರಿಗೆ ಇದು ನಮ್ಮ ಥರ ಭಾನುವಾರದ ಶೋಕಿ ಅಲ್ಲ. ಬೇರೆ ಕೆಲಸ ಇಲ್ಲದ ದಿನ ಹಿಡಿದ ಮೀನು ಹೋಟೆಲಿಗೆ ಹೋಗುತ್ತೆ. ರೀಲ್ ನಿಂತರೆ ಆ ದಿನದ ದುಡ್ಡು ನಿಂತ ಹಾಗೆ.

ನಮ್ಮ ಸತ್ತ ರೀಲ್ ತಗೊಂಡು ಅವರ ಮನೆಗೆ ಹೋದಾಗ ಅವರು ಜಗಲಿಯಲ್ಲಿ ಪೇಪರ್ ಹಾಸಿ ತಮ್ಮದನ್ನೇ ಬಿಚ್ಚಿಕೊಂಡು ಕೂತಿದ್ದರು. ಮೊಟ್ಟೆ ಟ್ರೇ ಒಂದನ್ನ ಪಕ್ಕಕ್ಕಿಟ್ಟು, ಬಿಚ್ಚಿದ ಒಂದೊಂದೇ ಪಾರ್ಟನ್ನ ಕ್ರಮವಾಗಿ ಒಂದೊಂದು ಕುಳಿಗೆ ಹಾಕ್ತಾರೆ. ಜೋಡಿಸುವಾಗ ಕೊನೇ ಕುಳಿಯಿಂದ ವಾಪಸ್ ಬರ್ತಾರೆ. ಮುಗೀತು. ನಾವು ನಮ್ಮದನ್ನ ಬಿಚ್ಚುವಾಗ ಎಂಟು ಫೋಟೋ ತೆಗೆದು, ಒಂದು ವಾಷರ್ ಮಂಚದ ಕೆಳಗೆ ಕಳೆದುಕೊಂಡಿದ್ವಿ.

‘ಮಾವ, ಇದು ಸೀಲ್ಡ್ ರೀಲ್, ಆದ್ರೂ ಹೀಗಾಯ್ತು’ ಅಂದ ನಮ್ಮವನು.

ಅವರು ತಿರುಗಿಸಿ ನೋಡಿ ನಕ್ಕರು. ‘ನೀರು ಹೋಗದ ರೀಲು ನಾನು ನೋಡ್ಲಿಲ್ಲ ಮಾರಾಯಾ. ಹೋದದ್ದು ತೆಗಿಲಿಕ್ಕೆ ಆಗ್ತದಾ ಅಂತ ನೋಡುದು. ಇದರ ಚಿತ್ರ ಉಂಟಾ ನಿಮ್ಮತ್ರ?’

ಚಿತ್ರ ಅಂದ್ರೆ ಪಾರ್ಟ್‌ಗಳನ್ನೆಲ್ಲ ಬಿಡಿಸಿ ತೋರಿಸುವ ಡ್ರಾಯಿಂಗ್, ಎಂಜಿನಿಯರಿಂಗ್ ಗ್ರಾಫಿಕ್ಸ್‌ನಲ್ಲಿ ನಮ್ಮ ಪ್ರಾಣ ತಿಂದ ಅದೇ ಎಕ್ಸ್‌ಪ್ಲೋಡೆಡ್ ವ್ಯೂ. ನಮ್ಮ ಡಬ್ಬದಲ್ಲಿ ಅದು ಇರಲೇ ಇಲ್ಲ. ಅವರು ಒಳಗೆ ಹೋಗಿ ಬಿಸ್ಕತ್ ಡಬ್ಬ ತಂದರು. ಅದರಲ್ಲಿ ಮಡಚಿ ಮಡಚಿ ಹರಿದ ಒಂದು ಹಾಳೆ: ಪೆನ್‌ನ ಡ್ರಾಯಿಂಗ್, ಪ್ರತಿ ಸ್ಕ್ರೂವಿಗೂ ಒಂದು ನಂಬರ್. ಹಾಳೆಯ ಕೆಳಗೆ ಅದೇ ಮಾಡೆಲ್‌ನ ಎರಡು ಸತ್ತ ರೀಲ್‌ಗಳು, ಗಲ್ಫಿನಿಂದ ಬಂದ ಗೆಳೆಯರು ಕೊಟ್ಟಿದ್ದು. ಬೇಲ್ ಸ್ಪ್ರಿಂಗ್ ಹೋದರೆ ಅದರಿಂದ ತೆಗೆದು ಇದಕ್ಕೆ ಹಾಕ್ತಾರೆ. ಬೇರಿಂಗ್ ಹೋದರೆ ಅದನ್ನ ಜೇಬಲ್ಲಿ ಹಾಕ್ಕೊಂಡು ಮಂಗಳೂರಿನ ಬೇರಿಂಗ್ ಅಂಗಡಿಗೆ ಹೋಗಿ ‘ಇಂಥದ್ದು ಕೊಡಿ’ ಅಂತಾರೆ. ಬೇರಿಂಗ್‌ಗೆ ಇದು ಮೀನು ಹಿಡಿಯೋ ರೀಲ್ ಅಂತ ಗೊತ್ತಿರಲ್ಲ. ಒಳ ವ್ಯಾಸ, ಹೊರ ವ್ಯಾಸ, ದಪ್ಪ, ಈ ಮೂರು ಅಳತೆ ಹೊಂದಿದರೆ ಮುಗೀತು. ಹಲವು ರೀಲ್‌ಗಳ ಲೈನ್ ರೋಲರ್‌ನಲ್ಲಿ ಒಳಗೆ 4, ಹೊರಗೆ 7 ಮಿ.ಮೀ. ಬೇರಿಂಗೇ ಇರೋದು. ಅದೇ ಬೇರಿಂಗ್ ರೀಲ್ ಕಂಪನಿಯ ಪ್ಯಾಕೆಟ್‌ನಲ್ಲಿ ಬಂದರೆ ರೇಟ್ ಬೇರೆ.

ಇಲ್ಲಿ ನಮ್ಮ ನಾಲ್ವರಲ್ಲೇ ಜಗಳ ಇದೆ, ಅದನ್ನೂ ಬರೀತೀವಿ. ಒಬ್ಬನ ವಾದ: 1,500 ರೂಪಾಯಿಯ ರೀಲ್ ತಗೊಳ್ಳಿ, ವರ್ಷಕ್ಕೊಂದು ಎಸೀರಿ, ಆರು ವರ್ಷ ಆದರೂ 9,000. ಇಷ್ಟೆಲ್ಲ ತಲೆನೋವು ಯಾಕೆ? ವರ್ಷಕ್ಕೆ ಎರಡು ಸಲ ಟ್ರಿಪ್ ಹೋಗುವವರಿಗೆ ಅವನು ಹೇಳೋದು ಸರಿ, ನಾವು ಒಪ್ತೀವಿ. ಆದರೆ ವಾರಕ್ಕೆರಡು ಸಲ ಬಂಡೆ ಹತ್ತುವವರಿಗೆ ಆ ರೀಲ್ ಒಂದು ಸೆಮಿಸ್ಟರ್ ಬಾಳಿದರೆ ದೊಡ್ಡದು, ಅದೂ ಸಾಯೋದು ಮೀನು ಎಳೀತಿರುವಾಗಲೇ. ಮಾವನ ಲೆಕ್ಕಕ್ಕಂತೂ ಅದು ಬರಲ್ಲ.

ಇನ್ನೊಬ್ಬ ಕೇಳಿದ: ಹಾಗಾದ್ರೆ ಪೆನ್ನೇ ಬೆಸ್ಟಾ? ಅಷ್ಟು ಸುಲಭ ಅಲ್ಲ. ಶಿಮಾನೋ, ಡೈವಾ ಕೂಡ ಪಾರ್ಟ್ ಪಟ್ಟಿ ಕೊಡ್ತಾರೆ. ಜಪಾನಿನಲ್ಲಿ ಅಂಗಡಿಗೆ ಹೋಗಿ ನಂಬರ್ ಹೇಳಿದರೆ ಒಂದೇ ಒಂದು ವಾಷರನ್ನೂ ತರಿಸಿಕೊಡ್ತಾರೆ. ಓಡುವಾಗಿನ ನುಣುಪಿನಲ್ಲಿ ಪೆನ್ ಅವುಗಳ ಹತ್ತಿರಕ್ಕೂ ಬರಲ್ಲ, ತೂಕ ಬೇರೆ ಜಾಸ್ತಿ. ಎರಡು ಗಂಟೆ ಎಸೆದರೆ ಮಣಿಕಟ್ಟು ಹೇಳುತ್ತೆ. ತೊಂದರೆ ಇರೋದು ಮಾಡೆಲ್ ಬದಲಾಯಿಸುವ ವೇಗದಲ್ಲಿ. ಸ್ಟೆಲ್ಲಾ 2010, 2014, 2018, 2022ರಲ್ಲಿ ಹೊಸದಾಗಿ ಬಂತು, ಸರಿಯಾಗಿ ನಮ್ಮ ಬಿಇ ಕೋರ್ಸಿನಷ್ಟು ಅಂತರ. ಪೆನ್ ಕೂಡ ಸಾಚಾ ಅಲ್ಲ, ಸ್ಲ್ಯಾಮರ್ 3 ಬಂದಿದ್ದು 2017ರಲ್ಲಿ, 4 ಬಂದಿದ್ದು 2021ರಲ್ಲಿ. ಪ್ರತಿ ಸಲ ಒಳಗಿನ ಒಂದಷ್ಟು ಪಾರ್ಟ್ ಬದಲಾಗುತ್ತೆ, ಹಳೆಯದಕ್ಕೆ ಹೊಸದು ಕೂರಲ್ಲ. 1960ರ ದಶಕದಲ್ಲಿ ಶುರುವಾದ ಹಳೇ ಸ್ಪಿನ್‌ಫಿಶರ್‌ಗಳು ಹೆಚ್ಚು ಬದಲಾಗದೆ ದಶಕಗಟ್ಟಲೆ ಬಂದಿದ್ದಕ್ಕೇ ಇವತ್ತಿಗೂ ಅವುಗಳ ಪಾರ್ಟ್ ಓಡಾಡ್ತಿರೋದು. ‘ಹೊಸ ಮಾಡೆಲ್’ ಅನ್ನೋದನ್ನ ನಾವು ಯಾವಾಗಲೂ ಒಳ್ಳೇ ಸುದ್ದಿ ಅಂತಲೇ ಓದೋದು ಯಾಕೆ?

ಸರ್ಕಾರದ ಕಡೆಯಿಂದ ಏನಾದ್ರೂ ಇದೆಯಾ ಅಂತಲೂ ನೋಡಿದ್ವಿ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ‘ರೈಟ್ ಟು ರಿಪೇರ್’ ಪೋರ್ಟಲ್ ತೆರೆದಿದೆ. ಅದರಲ್ಲಿ ಕೃಷಿ ಉಪಕರಣ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಗೃಹೋಪಯೋಗಿ ವಸ್ತು, ವಾಹನ ಅಂತ ನಾಲ್ಕು ವಿಭಾಗ. ಗಾಳದ ರೀಲ್ ಯಾವ ಖಾನೆಗೂ ಬೀಳಲ್ಲ. ದೇಶದಲ್ಲಿ ಇದಕ್ಕಿಂತ ದೊಡ್ಡ ಸಮಸ್ಯೆಗಳಿವೆ ಅನ್ನೋದು ನಮಗೂ ಗೊತ್ತು.

ಆದ್ದರಿಂದ ನಮ್ಮ ಕೈಯಲ್ಲಿ ಆಗೋದನ್ನ ಹೇಳ್ತೀವಿ. ಕ್ಯಾಂಪಸ್‌ನಲ್ಲಿ ಗಾಳ ಹಾಕುವವರು ನಮಗೆ ಗೊತ್ತಿರೋ ಹಾಗೆ ಹದಿನೇಳು ಜನ. ಹದಿನೇಳು ಜನರ ಹತ್ತಿರ ಹದಿಮೂರು ಮಾಡೆಲ್‌ಗಳಿವೆ. ಇನ್ನು ಮುಂದೆ ತಗೊಳ್ಳುವವರು ಎಲ್ಲರೂ ಒಂದೇ ಮಾಡೆಲ್, ಒಂದೇ ಸೈಜ್ ತಗೊಂಡರೆ ಹೇಗೆ? ಡಬ್ಬದಲ್ಲಿ ಡ್ರಾಯಿಂಗ್ ಇರಬೇಕು, ಪಾರ್ಟ್ ನಂಬರ್ ಇರಬೇಕು, ಮಾಮೂಲಿ ಸ್ಕ್ರೂಡ್ರೈವರಿಗೆ ಬಿಚ್ಚಬೇಕು. ಒಂದು ಸತ್ತರೆ ಅದರ ಪಾರ್ಟ್‌ಗಳು ಮಿಕ್ಕವಕ್ಕೆ ಆಗುತ್ತವೆ. ಹೊರದೇಶದಿಂದ ತರಿಸುವುದೇ ಆದರೆ ಹತ್ತು ಜನರ ಪಾರ್ಟ್ ಒಂದೇ ಪಾರ್ಸೆಲ್‌ನಲ್ಲಿ ಬರುತ್ತೆ, 2,800ನ್ನ ಹತ್ತರಿಂದ ಭಾಗಿಸಿ. ಬೋರ್ ಹೊಡೆಯುತ್ತೆ, ಒಪ್ತೀವಿ. ಬಣ್ಣದಲ್ಲಿ ಶೋ ಇರಲ್ಲ. ಮಾವನ ಬಿಸ್ಕತ್ ಡಬ್ಬ ಮಾಡ್ತಿರೋದು ಇದನ್ನೇ. ನಮ್ಮ ವರ್ಕ್‌ಶಾಪ್‌ನಲ್ಲಿ ಮೂಲೆಯ ಒಂದು ಬೀರು ಸಿಕ್ಕರೆ ನಾವೂ ಮಾಡಬಹುದು. ವರ್ಕ್‌ಶಾಪ್ ಸರ್ ಹತ್ತಿರ ಕೇಳಿದ್ದೀವಿ. ‘ಮೊದಲು ಫೈಲಿಂಗ್ ಜಾಬ್ ಮುಗಿಸ್ರೋ’ ಅಂದಿದ್ದಾರೆ. ಇಲ್ಲ ಅಂತ ಹೇಳಿಲ್ಲ.

ಪುಸ್ತಕದ ದುಡ್ಡು ಕೊಟ್ಟವನಿಗೆ ಮಿಕ್ಕ ಮೂವರು ಸೇರಿ 2,400 ವಾಪಸ್ ಕೊಡ್ತಿದ್ದೀವಿ, ತಿಂಗಳಿಗೆ 400ರ ಹಾಗೆ. ಇನ್ನು ಎರಡು ಕಂತು ಬಾಕಿ.

ನಮ್ಮ ರೀಲ್‌ನ ಗೇರ್, ಶಾಫ್ಟ್, ಸ್ಪೂಲ್, ಹ್ಯಾಂಡಲ್, ಬೇಲ್ ತಂತಿ ಎಲ್ಲ ಚೆನ್ನಾಗಿವೆ. ಕ್ಲಚ್ ಮತ್ತು ಒಂದು ವಾಷರ್ ಮಾತ್ರ ಇಲ್ಲ. ಕಪ್ಪು ಬಾಡಿ, ಚಿನ್ನದ ಬಣ್ಣದ ಸ್ಪೂಲ್, ಸೈಜ್ 4000. ನಿಮ್ಮದೂ ಇದೇ ಇರಬಹುದು ಅನ್ನಿಸಿದರೆ ಊಟದ ಟೈಮಲ್ಲಿ ಮೆಸ್‌ನಲ್ಲಿ ನಮ್ಮನ್ನ ಹಿಡಿದು ತೋರಿಸಿ. ಮೊಟ್ಟೆ ಟ್ರೇಯಲ್ಲಿ ಕ್ರಮವಾಗಿ ಜೋಡಿಸಿ ಇಟ್ಟಿದ್ದೀವಿ, ಬೇಕಾದ್ದನ್ನ ತಗೊಂಡು ಹೋಗಿ.